ತೊಟ್ಟಿಯ ನೀಲಿ ಹೂವು

ಹಿತ್ತಲ ತೊಟ್ಟಿಯನ್ನು ಭಾನುವಾರ ಒಡೆಸುತ್ತೇನೆಂದು ಸೊಸೆ ಲಿಖಿತಾ ಹೇಳಿದಾಗ ಶಂಭುಲಿಂಗಪ್ಪನವರಿಗೆ ಜಗಳವಾಡಲೂ ಶಕ್ತಿಯಿರಲಿಲ್ಲ. ಅವಳ ಮಾತಿನಲ್ಲಿ ತಪ್ಪೂ ಇರಲಿಲ್ಲ. ಮೊಮ್ಮಗ ಡೆಂಗಿ ಜ್ವರದಿಂದ ಎದ್ದು ಇನ್ನೂ ತಿಂಗಳಾಗಿರಲಿಲ್ಲ.

"ಹಸಿರಿದ್ದಾಗ ನಾನೂ ಸುಮ್ನಿದ್ದೆ ಮಾವ. ಸತ್ತಿರೋ ಗಿಡಕ್ಕೆ ನೀರು ಹಾಕಿ ಸೊಳ್ಳೆ ಸಾಕ್ಬೇಕಾ?"

"ಸತ್ತಿದೆ ಅಂತ ಯಾರು ಹೇಳಿದ್ರು?"

"ಬದುಕಿದೆ ಅಂತ ಯಾರಾದ್ರೂ ತಿಳಿದೋರು ಹೇಳ್ಲಿ, ಬಿಟ್ಬಿಡ್ತೀನಿ."

ಆ ಗಿಡವನ್ನು ತಂದವಳು ಅವರ ಹೆಂಡತಿ ಬಸವಲಿಂಗಮ್ಮ. ಹೊಸಕೆರೆಹಳ್ಳಿಯ ಆಚೆ ಒಂದು ಕುಂಟೆಯಿತ್ತು. ಅದರ ಅಂಚಿನ ಕೆಸರಿನಿಂದ ಬೇರು ಸಮೇತ ಕಿತ್ತು ತಂದು, ಶ್ರೀನಗರದ ಈ ಮನೆಯ ಒಗೆಯುವ ಕಲ್ಲಿನ ಪಕ್ಕ ತೊಟ್ಟಿಯಲ್ಲಿ ನೆಟ್ಟಿದ್ದಳು. ಈಗ ಕುಂಟೆಯಿದ್ದ ಜಾಗದಲ್ಲಿ ಟೈಲ್ಸ್ ಅಂಗಡಿಯಿದೆ. ಪ್ರತಿ ಕಾರ್ತಿಕದಲ್ಲಿ ಸಣ್ಣ ನೀಲಿ ಹೂ ಬಿಡುತ್ತಿತ್ತು. ಹೂವಿನ ಗಂಟಲಲ್ಲಿ ಚೂರು ಹಳದಿ. ಗಂಡಹೆಂಡಿರಿಬ್ಬರೂ ಅದನ್ನೇ ಇಷ್ಟಲಿಂಗಕ್ಕೆ ಏರಿಸುತ್ತಿದ್ದರು. ಕಳೆದ ಕಾರ್ತಿಕದಲ್ಲಿ ಹೂವಿರುವಾಗಲೇ ಅವಳು ಲಿಂಗೈಕ್ಯಳಾದಳು. ಉಳಿದ ಹೂಗಳನ್ನು ಇವರೊಬ್ಬರೇ ಏರಿಸಿದರು. ಆಮೇಲೆ ಗಿಡವೂ ಒಣಗಿತು.

ತಿಳಿದವಳು ಎಂದರೆ ತಮ್ಮನ ಮಗಳು ಅಂಜನಾ. ಜಯನಗರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಶನಿವಾರ ಸಂಜೆ, ಉತ್ತರಪತ್ರಿಕೆ ತಿದ್ದಿ ಸೋತ ಮುಖ ಹೊತ್ತು ಬಂದಳು. ಶಂಭುಲಿಂಗಪ್ಪನವರು ಪೂಜೆಯಾದ ಹೂಗಳನ್ನು ಒಣಗಿಸಿಟ್ಟಿದ್ದ ಭರಣಿಯನ್ನು ಅವಳ ಮುಂದಿಟ್ಟರು. ಅವಳು ಪೇಪರಿನ ಮೇಲೆ ಸುರುವಿ ನೋಡಿದಳು.

"ದೊಡ್ಡಪ್ಪ, ಇಷ್ಟೂ ಬರೀ ದಳ. ತೊಟ್ಟಿಲ್ಲ, ಎಲೆಯಿಲ್ಲ."

"ಲಿಂಗದ ಮೈಗೆ ಚುಚ್ಚಬಾರದು ಅಂತ ನಿಮ್ಮ ದೊಡ್ಡಮ್ಮ ತೊಟ್ಟು ತೆಗೆದುಬಿಡ್ತಿದ್ಲು."

"ಫೋಟೋ?"

ಫೋಟೋದಲ್ಲಿಯೂ ಅಂಗೈ, ಲಿಂಗ, ವಿಭೂತಿ, ಮೇಲೊಂದು ಹೂವು, ಅಷ್ಟೆ.

"ಚೆನ್ನಾಗಿದೆ. ಮೂಗು ತೋರಿಸಿ ಯಾರ ಮನೆಯೋರು ಹೇಳು ಅಂದಂಗಾಯ್ತು," ಎಂದು ಅಂಜನಾ ನಕ್ಕಳು. "ಲಿಮ್ನೋಫಿಲಾ ಅನ್ನೋ ಗುಂಪಿಂದು ಅನ್ಸುತ್ತೆ. ಅದರಲ್ಲಿ ಕೆಲವು ಒಂದೇ ವರ್ಷಕ್ಕೆ ಮುಗಿದುಹೋಗುತ್ತೆ. ಕೆಲವು ಮೇಲೆ ಒಣಗಿದ್ರೂ ಕೆಸರೊಳಗೆ ಬೇರು ಉಳಿಸ್ಕೊಂಡು ಮತ್ತೆ ಬರುತ್ತೆ. ಹೂವು ನೋಡಿದ್ರೆ ಅಣ್ಣತಮ್ಮಂದಿರ ಹಾಗೆ ಒಂದೇ ಥರ, ವಾಸನೆಯಲ್ಲೇ ಬೇರೆ. ವಾಸನೆ ಹೇಗಿತ್ತು?"

ಅವರು ಅವಳ ಮುಖ ನೋಡಿದರು. "ದೇವರಿಗೆ ಏರಿಸೋ ಹೂವನ್ನ ಮೂಸ್ತಾರೇನಮ್ಮ?"

"ಇಷ್ಟು ವರ್ಷದಲ್ಲಿ ಒಂದ್ಸಲಾನೂ?"

"ಒಂದ್ಸಲಾನೂ ಇಲ್ಲ."

ಅಂಜನಾ ಕುರ್ತಾದ ತೋಳು ಮಡಚಿಕೊಂಡು ಹಿತ್ತಲಿಗೆ ನಡೆದಳು. ಒಣಕಡ್ಡಿಗಳನ್ನು ಸರಿಸಿ ಕೆಸರಿನಲ್ಲಿ ಕೈಯಾಡಿಸಿದಳು. ಕಡ್ಡಿಗಳ ಬುಡದಲ್ಲಿ ಒಂದು ಮೊಳಕೆ. ಅದಕ್ಕೆ ಉಗುರಿನಷ್ಟಗಲದ ಎರಡೇ ಎಲೆ.

"ಅದು ಕಳೆ," ಎಂದಳು ಬಾಗಿಲಲ್ಲಿ ನಿಂತಿದ್ದ ಲಿಖಿತಾ. "ಎಲ್ಲಾ ಕುಂಡದಲ್ಲೂ ಬರುತ್ತೆ."

"ಇರಬಹುದು. ಎಲೆ ಹಿಸುಕಿ ಮೂಸಿ ನೋಡಿದ್ರೆ ಗೊತ್ತಾಗುತ್ತೆ," ಎಂದಳು ಅಂಜನಾ.

"ನಾನೇ ನೋಡ್ತೀನಿ," ಎಂದು ಶಂಭುಲಿಂಗಪ್ಪನವರು ತೊಟ್ಟಿಯ ಅಂಚು ಹಿಡಿದು ಕುಕ್ಕುರುಗಾಲಲ್ಲಿ ಕುಳಿತರು. ಮಂಡಿ ನೋಯಿತು. ಇರುವ ಎರಡು ಎಲೆಯಲ್ಲಿ ಒಂದನ್ನು ಕೀಳುವುದೆಂದರೆ ಮನಸ್ಸು ಒಪ್ಪದು. ಕೀಳದಿದ್ದರೆ ನಾಳೆ ತೊಟ್ಟಿಯೇ ಇರುವುದಿಲ್ಲ. ಶಿವಶಿವಾ ಎಂದು ಚಿವುಟಿದರು. ಬೆರಳುಗಳ ನಡುವೆ ಹಿಸುಕಿ, ಸ್ವಲ್ಪ ತಡೆದು, ಮೂಗಿನ ಹತ್ತಿರ ಹಿಡಿದರು.

ಸೋಂಪಿನ ವಾಸನೆ.

ಕಾರ್ತಿಕದ ಬೆಳಗುಗಳಲ್ಲಿ ಬಸವಲಿಂಗಮ್ಮ ಹೂವಿನ ತಟ್ಟೆ ಹಿಡಿದು ಒಳಗೆ ಬಂದರೆ ಜೊತೆಗೆ ಇದೇ ವಾಸನೆ ಬರುತ್ತಿತ್ತು. ಸೋಂಪು ಬಾಯಿಗೆ ಹಾಕಿಕೊಂಡಿದ್ದಾಳೆಂದೇ ಇವರು ತಿಳಿದಿದ್ದರು. "ಪೂಜೆಗೆ ಮುಂಚೆ ಬಾಯಾಡಿಸ್ತೀಯಲ್ಲ ಮಾರಾಯ್ತಿ" ಎಂದರೆ ಅವಳು, "ಹೂಂ, ನಿಮ್ಮ ಶಿವ ಕೇಳಿದ್ರೆ ಅವನಿಗೂ ಒಂದು ಚಿಟಿಕೆ ಕೊಡ್ತೀನಿ" ಎನ್ನುತ್ತಿದ್ದಳು. ಹೂ ಬಿಡಿಸುವಾಗ ಎಲೆ ತಾಕಿದ ಬೆರಳಿನ ವಾಸನೆ ಅದು. ಅವಳು ಹೇಳಲಿಲ್ಲ, ಇವರು ಕೇಳಲಿಲ್ಲ.

"ದೊಡ್ಡಪ್ಪ? ಏನಾದ್ರೂ ಬಂತಾ?"

"ಸೋಂಪು," ಎಂದರು.

ಅಂಜನಾ ಅವರ ಬೆರಳನ್ನೇ ಹಿಡಿದು ಮೂಸಿದಳು. "ಹಾಗಾದ್ರೆ ರುಗೋಸಾ ಇರ್ಬೇಕು. ಬೇರು ಉಳಿಸ್ಕೊಳ್ಳೋ ಜಾತಿ. ಹೂ ಬಂದ್ಮೇಲೆ ಇನ್ನೊಂದ್ಸಲ ನೋಡಿ ಖಾತ್ರಿ ಮಾಡ್ತೀನಿ. ಕಳೆಯಂತೂ ಅಲ್ಲ. ಬದುಕಿದೆ."

ಲಿಖಿತಾ ಕೂಡ ಬಗ್ಗಿ ನೋಡಿದಳು. "ನೀರು ನಿಲ್ಲಲೇಬೇಕಾ?"

"ಕೆಸರು ಒದ್ದೆಯಿದ್ರೆ ಸಾಕು."

"ಸರಿ, ಮೇಲೆ ಸೊಳ್ಳೆಪರದೆ ಕಟ್ತೀನಿ. ತೊಟ್ಟಿ ಒಡೆಯೋನಿಗೆ ನಾಳೆ ಬರಬೇಡ ಅಂತ ಫೋನ್ ಮಾಡ್ಬೇಕು." ಹಾಗೆಂದು ಅವಳು ಮಾವನ ರಟ್ಟೆ ಹಿಡಿದು ಎಬ್ಬಿಸಿದಳು.

ಸಂಜೆಯ ಪೂಜೆಗೆ ಶಂಭುಲಿಂಗಪ್ಪನವರು ಕೈಕಾಲು ತೊಳೆದು ಕುಳಿತರು. ಹೂವಿಲ್ಲದ ಕಾಲ, ತಟ್ಟೆಯಲ್ಲಿ ಬಿಲ್ವಪತ್ರೆ ಮಾತ್ರ. ಎಡಗೈಯಲ್ಲಿ ಲಿಂಗವಿಟ್ಟು ಬಲಗೈಯಲ್ಲಿ ವಿಭೂತಿ ತೆಗೆದಾಗ ಬೆರಳಿನಿಂದ ಸೋಂಪಿನ ವಾಸನೆ ಬಂತು. ಎದ್ದು ಹೋಗಿ ಮತ್ತೊಮ್ಮೆ ಕೈ ತೊಳೆಯಬೇಕಿತ್ತು. ಅವರು ಏಳಲಿಲ್ಲ. ಆ ಬೆರಳಿನಿಂದಲೇ ವಿಭೂತಿ ಧರಿಸಿ ಕಣ್ಣು ಮುಚ್ಚಿದರು.