ಡಬ್ಬಿಯ ಹೊರಗಿದ್ದ ಬಾಟಲಿ

ಕಾಡಿಗೆ ಹೋಗೋಣ ಎಂದವನು ತಮ್ಮನೇ. ಅಕ್ಕ ಆಗ ಲಾಂಡ್ರಿಯಲ್ಲಿ ಯಾರದೋ ಬಿಳಿ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಳು. ಅವನು ಬಾಗಿಲಿಗೆ ಒರಗಿ ನಿಂತು, "ಅಲ್ಲಿ ಅಂಗಡಿ ಇರಲ್ಲ ಕಣೇ ಅಕ್ಕ. ನೀನು ಕೊಟ್ಟಷ್ಟೇ ನಂಗೆ ಸಿಗೋದು. ಕುಡಿಯೋದು ಬಿಡೋಕೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿದೆ ಹೇಳು" ಎಂದ. ಅಕ್ಕನ ಕೈ ಅಷ್ಟಕ್ಕೇ ನಿಂತುಹೋಯಿತು. ಬಿಡುತ್ತೇನೆ ಎಂಬ ಮಾತನ್ನು ಅವನಾಗಿ ಆಡಿದ್ದು ಅದೇ ಮೊದಲು. ಕಾಲರು ಸುಟ್ಟು ಕಂದುಬಣ್ಣಕ್ಕೆ ತಿರುಗಿದರೂ ಅವಳಿಗೆ ಬೇಸರವಾಗಲಿಲ್ಲ.

ಅವನು ಅಂಗಡಿಗಳ ಬೋರ್ಡು ಬರೆಯುವವನು. ಕುಡಿಯದಿದ್ದರೆ ಕೈ ನಡುಗುತ್ತಿತ್ತು. ಒಂದಿಷ್ಟು ಹೊಟ್ಟೆಗೆ ಬಿದ್ದರೆ ಅಕ್ಷರಗಳು ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ ಬರುತ್ತಿದ್ದವು. ಇನ್ನಷ್ಟು ಬಿದ್ದರೆ ಅಕ್ಷರವೂ ಇಲ್ಲ, ಆಸಾಮಿಯೂ ಇಲ್ಲ. ಹೆಂಡತಿ ಕಾಯುವಷ್ಟು ಕಾದು ತವರಿಗೆ ಹೋದಳು. ಹೋದ ವರ್ಷ ಅಕ್ಕನ ಹಟಕ್ಕೆ ಒಮ್ಮೆಲೇ ನಿಲ್ಲಿಸಿದಾಗ ಏಣಿಯ ಮೇಲೆಯೇ ಫಿಟ್ಸ್ ಬಂದು ಬಿದ್ದ. ಅದಕ್ಕೇ ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಒಂದೇ ಸಲ ನಿಲ್ಲಿಸಬೇಡಿ, ಜೀವಕ್ಕೇ ಸಂಚಕಾರ. ಅಳತೆ ಮಾಡಿ ಕೊಡಿ. ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬನ್ನಿ."

ಹಾಗಾಗಿ ಬ್ರೆಡ್ಡು, ಬಿಸ್ಕತ್ತು, ಒಣದ್ರಾಕ್ಷಿಯ ಜೊತೆ ಒಂದು ಪ್ಲಾಸ್ಟಿಕ್ ಬಾಟಲಿ ತುಂಬ ಬ್ರಾಂದಿಯನ್ನೂ ಅಕ್ಕನೇ ಹೊತ್ತಳು. ಹುಟ್ಟಿದಾಗಿನಿಂದ ಆ ವಾಸನೆಯನ್ನು ಕಂಡರಾಗದವಳು.

ಕಾಡಿನ ಗೇಟಿನಲ್ಲಿ ಗಾರ್ಡು ಅವರ ಚೀಲಗಳನ್ನು ಕೆಳಗಿಳಿಸಿ, ಮೊಣಕಾಲೆತ್ತರದ ಗಟ್ಟಿ ಡಬ್ಬಿಯೊಂದನ್ನು ಮುಂದಿಟ್ಟ. ತಿರುಪಿನ ಮುಚ್ಚಳ, ಮೇಲೊಂದು ಬೀಗ.

"ಕರಡಿಗೆ ತೆಗೆಯೋಕಾಗಲ್ಲ ಇದನ್ನ. ವಾಸನೆ ಬರೋದೆಲ್ಲ ಇದರೊಳಗೇ ಹೋಗ್ಬೇಕು. ತಿನ್ನೋದು, ಸೋಪು, ಪೇಸ್ಟು, ಎಣ್ಣೆ." ತಮ್ಮನ ಮುಖ ನೋಡಿ ಅವನು ಮುಗುಳ್ನಕ್ಕ. "ಎಣ್ಣೆ ಅಂದ್ರೆ ಎರಡೂ ಎಣ್ಣೆ. ಮುಚ್ಚಳ ಬಿಗಿಯಾಗಿದೆ, ವಾಸನೆ ಬರಲ್ಲ ಅಂದ್ಕೋಬೇಡಿ. ನಿಮ್ಮ ಮೂಗಿಗೆ ಬರಲ್ಲ, ಅದರ ಮೂಗಿಗೆ ಬರುತ್ತೆ."

"ಕುಡಿದು ತೂರಾಡೋ ಕರಡಿ ನೋಡಿದ್ದೀರಾ ಸಾರ್?" ತಮ್ಮ ಕೇಳಿದ.

"ನೋಡಿಲ್ಲ. ನೋಡೋ ಆಸೆನೂ ಇಲ್ಲ. ಡಬ್ಬೀನ ಟೆಂಟಿಂದ ದೂರ ಇಡಿ. ನೀರಿನ ಹತ್ರ, ಇಳಿಜಾರಲ್ಲಿ ಬೇಡ, ಉರುಳಿಸ್ಕೊಂಡು ಹೋಗಿಬಿಡುತ್ತೆ. ಎರಡು ಬಂಡೆ ಮಧ್ಯ ಸಿಕ್ಕಿಸಿಡಿ."

ಅಕ್ಕ ಅದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದಳು. ಸಂಜೆ ತೊರೆಯ ಮೇಲಿನ ಬಯಲಿನಲ್ಲಿ ಟೆಂಟು ಹಾಕಿ, ಔಷಧಿ ಕುಡಿಸುವ ಪುಟ್ಟ ಲೋಟದಲ್ಲಿ ಅಳೆದು ಕೊಟ್ಟಳು. ಅವನು ಗಟಗಟ ಕುಡಿಯದೆ, ಬಿಸಿ ಹಾಲು ಹೀರುವ ಹಾಗೆ ಹೀರಿದ. ಆಮೇಲೆ ಇನ್ನೂ ಬೇಕೆಂದು ಕೇಳಲಿಲ್ಲ. ಹಲ್ಲುಜ್ಜಿದ ಪೇಸ್ಟಿನ ಸಮೇತ ಎಲ್ಲವನ್ನೂ ಡಬ್ಬಿಗೆ ತುಂಬಿ, ಅದನ್ನು ದೂರದ ಬಂಡೆಗಳ ನಡುವೆ ಸಿಕ್ಕಿಸಿ ಬಂದಳು. ಮರುದಿನ ಲೋಟದಲ್ಲಿ ಒಂದು ಗೆರೆ ಇಳಿಸಿದಳು. ಅದಕ್ಕೂ ಅವನು ತಕರಾರು ತೆಗೆಯಲಿಲ್ಲ. ನಡೆಯುತ್ತ ಏನೇನೋ ಹಳೆಯ ಮಾತು ತೆಗೆದು ಅವಳನ್ನು ನಗಿಸಿದ. ಚಿಕ್ಕಂದಿನಲ್ಲಿ ತಾನು ಗೋಡೆಯ ಮೇಲೆಲ್ಲ ಅವಳ ಹೆಸರು ತಪ್ಪಾಗಿ ಬರೆದದ್ದು, ಅಪ್ಪನ ಏಟು ಅವಳು ತಿಂದದ್ದು. ಇವನು ದಾರಿಗೆ ಬಂದ ಎಂದುಕೊಂಡಳು ಅಕ್ಕ. ಅವನ ಹೆಂಡತಿಗೆ ಫೋನು ಮಾಡಿ ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದಳು.

ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಮುಖ ತೊಳೆಯಲು ತೊರೆಗೆ ಇಳಿದಿದ್ದರು. ಮೇಲಿನಿಂದ ಬಟ್ಟೆ ಹರಿದ ಸದ್ದು ಕೇಳಿಸಿತು. ಬಟ್ಟೆಯ ಸದ್ದು ಅಕ್ಕನಿಗೆ ಚೆನ್ನಾಗಿ ಗೊತ್ತು. ಪೊದೆಯ ಮರೆಯಿಂದ ಇಣುಕಿದರೆ ಟೆಂಟು ನೆಲಕ್ಕೆ ಬಿದ್ದಿತ್ತು. ಅದರ ಮೇಲೆ ಕಪ್ಪು ಕರಡಿಯೊಂದು ಕೂತು, ತಮ್ಮನ ಮಲಗುವ ಚೀಲವನ್ನು ಬಗೆಯುತ್ತಿತ್ತು. ಒಳಗಿಂದ ಕಾಲುಚೀಲ ಸುತ್ತಿದ ಬಾಟಲಿಯೊಂದನ್ನು ಎಳೆದು ಕಚ್ಚಿತು. ಸೋರಿದ್ದನ್ನು ನೆಕ್ಕಿತು. ಅಕ್ಕ ಕಿರುಚಿ, ನೀರಿಗೆಂದು ತಂದಿದ್ದ ಪಾತ್ರೆ ಬಡಿದ ಮೇಲೆ ಎದ್ದು, ಅವಸರವಿಲ್ಲದೆ ಮರಗಳೊಳಗೆ ಹೋಯಿತು.

ಬಂಡೆಗಳ ನಡುವಿನ ಡಬ್ಬಿ ಇಟ್ಟಲ್ಲೇ ಇತ್ತು. ಅದರ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

"ಎರಡನೇ ಬಾಟಲಿ ಎಲ್ಲಿಂದ ತಂದೆ?" ಅಕ್ಕ ಕೇಳಿದಳು.

"ಮನೆಯಿಂದಾನೇ." ಅವನು ಹರಿದ ಬಟ್ಟೆಯನ್ನು ನೋಡುತ್ತಿದ್ದ. "ಕುಡಿಯೋಕಲ್ಲ ಅಕ್ಕ. ಹತ್ತಿರ ಇದ್ರೆ ಧೈರ್ಯ ಅಂತ."

"ಕುಡೀಲಿಲ್ವಾ?"

ಅವನು ಬಗ್ಗಿ ಟೆಂಟಿನ ಗೂಟ ಕೀಳತೊಡಗಿದ.

ಕಿರುಚಾಟ ಕೇಳಿ ಗಸ್ತಿನಲ್ಲಿದ್ದ ಅದೇ ಗಾರ್ಡು ಇನ್ನೊಬ್ಬನೊಂದಿಗೆ ಏದುಸಿರು ಬಿಡುತ್ತ ಬಂದ. "ಟೆಂಟಲ್ಲಿ ಏನಿತ್ತು?" ಎಂದ. "ಏನೂ ಇರಲಿಲ್ಲ" ಎಂದು ಅಕ್ಕ ಬಾಯಿಗೆ ಬಂದ ಸುಳ್ಳು ಹೇಳಿದಳು. ಗಾರ್ಡು, ಕರಡಿ ಕಚ್ಚಿ ನಜ್ಜುಗುಜ್ಜು ಮಾಡಿದ್ದ ಬಾಟಲಿಯನ್ನು ಎತ್ತಿ ಮೂಸಿ, ಅವಳ ಮುಂದೆ ಇಟ್ಟ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಈ ಕರಡಿ ನಮಗೆ ಗೊತ್ತಿರೋದೇ. ಇಷ್ಟು ವರ್ಷ ಮನುಷ್ಯರ ತಂಟೆಗೆ ಬಂದಿರಲಿಲ್ಲ. ಈಗ ಟೆಂಟು ಹರಿದ್ರೆ ಏನೋ ಸಿಗುತ್ತೆ ಅಂತ ತಿಳ್ಕೊಂಡಿತು. ನಾಳೆ ಇನ್ನೊಂದು ಟೆಂಟಲ್ಲಿ ಮಗು ಮಲಗಿದ್ರೆ?"

"ಓಡಿಸೋಕಾಗಲ್ವಾ? ದೂರ ಎಲ್ಲಾದ್ರೂ ಬಿಟ್ಟು ಬನ್ನಿ."

"ಬಿಟ್ಟು ನೋಡಿದ್ದೀವಮ್ಮ, ಬೇರೆಯವನ್ನ. ರುಚಿ ಹತ್ತಿದ್ದು ಹುಡುಕ್ಕೊಂಡು ವಾಪಸ್ ಬರುತ್ತೆ."

ಇನ್ನೊಬ್ಬನ ಹೆಗಲಿನಲ್ಲಿ ಬಂದೂಕಿತ್ತು. ಅವರು ಕರಡಿ ಹೋದ ದಿಕ್ಕಿಗೆ ಹೋದರು. ಅಕ್ಕ-ತಮ್ಮ ಇಬ್ಬರೂ ಸಾಮಾನು ಕಟ್ಟಿಕೊಂಡು ಇಳಿಯತೊಡಗಿದರು. ಬಿಸಿಲೇರಿದ ಮೇಲೆ ಹಿಂದಿನಿಂದ ಗುಂಡಿನ ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ತಮ್ಮ ದಾರಿಯಲ್ಲೇ ಕುಸಿದು ಕೂತ. ತುಟಿಯಿಂದ ಹಿಡಿದು ಮೊಣಕಾಲಿನವರೆಗೂ ನಡುಗುತ್ತಿದ್ದ. ಅಕ್ಕ ಡಬ್ಬಿಯ ಬೀಗ ತೆಗೆದು, ಲೋಟ ಹುಡುಕುವ ಗೋಜಿಗೆ ಹೋಗದೆ, ಬಾಟಲಿಯನ್ನೇ ಅವನ ಕೈಗಿತ್ತಳು. ಅವನು ಕುಡಿದ. ಅವಳು ಬೇಡ ಎನ್ನಲಿಲ್ಲ, ಸಾಕು ಎನ್ನಲಿಲ್ಲ. ಮರದ ಬುಡದಲ್ಲಿ ಇರುವೆಗಳು ಹರಿಯುತ್ತಿದ್ದವು, ಅವನ್ನೇ ನೋಡುತ್ತ ಕೂತಿದ್ದಳು.

ಊರಿಗೆ ಬಂದ ಮೇಲೆ ಕೆಲವು ದಿನ ಅವನು ಇತ್ತ ಸುಳಿಯಲಿಲ್ಲ. ರಜೆಯ ದಿನ ಅಕ್ಕನೇ ಊಟ ಕಟ್ಟಿಕೊಂಡು ಅವನ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಬಣ್ಣದ ಡಬ್ಬಿಗಳ ಮೇಲೆ ಕೆನೆ ಕಟ್ಟಿತ್ತು, ಬ್ರಶ್ಶುಗಳು ಒಣಗಿ ಕಡ್ಡಿಯಾಗಿದ್ದವು. ಮಧ್ಯಾಹ್ನ ಆಗುವ ಮೊದಲೇ ಅವನ ಕಣ್ಣು ಕೆಂಪಗಿತ್ತು.

"ಅದನ್ನ ಹೊಡೆದೇಬಿಟ್ರಲ್ಲ ಅಕ್ಕ."

"ಹ್ಞೂ."

"ನಿಂಗೆ ನನ್ನ ನೋಡಿ ಸಾಕಾಗಲ್ವೇನೇ?"

"ಸಾಕಾಗಿದೆ ಕಣೋ," ಎಂದಳು ಅಕ್ಕ. ಸುಳ್ಳು ಹೇಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ತಟ್ಟೆ ತೊಳೆದು, ಅನ್ನ ಬಡಿಸಿ ಅವನ ಮುಂದಿಟ್ಟಳು. ಅವನು ತುತ್ತು ಕಲಸಿದ, ಬಾಯಿಗಿಡಲಿಲ್ಲ. ಹಾಗೇ ಗೋಡೆಗೆ ಒರಗಿ ನಿದ್ದೆಹೋದ. ಅವನ ಕೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅವಳು ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ಕೂತಿದ್ದು, ಆಮೇಲೆ ಬಾಗಿಲನ್ನು ಮುಂದಕ್ಕೆಳೆದುಕೊಂಡು ಹೊರಟುಹೋದಳು.