ಕಂಬಿ ಹಿಡಿದ ಕೈ

ನನ್ನ ಭಾವನ ನಡಿಗೆ ಇಂದಿದ್ದಂತೆ ನಾಳೆ ಇರುತ್ತಿರಲಿಲ್ಲ. ಅನಿಮೇಷನ್ ಚಿತ್ರಗಳ ಪಾತ್ರಗಳಿಗೆ ಚಲನೆ ಕೊಡುವುದು ಅವರ ವೃತ್ತಿ; ಯಾವ ಪಾತ್ರದ ಚಿತ್ರ ಬರೆಯುತ್ತಿದ್ದರೋ ಅದರ ಹೆಜ್ಜೆ ಅವರ ಕಾಲಿಗೂ ಅಂಟಿಕೊಳ್ಳುತ್ತಿತ್ತು. ಕರಡಿಯ ಚಿತ್ರ ನಡೆದಿದ್ದ ಆರು ತಿಂಗಳು, ಬಾಗಿಲು ತೆರೆದ ಅಕ್ಕ, ಬಂದದ್ದು ಕರಡಿಯೋ ಗಂಡನೋ ಎಂದು ಅಡಿಯಿಂದ ಮುಡಿಯವರೆಗೆ ನೋಡಿಯೇ ಒಳಗೆ ಬಿಡುತ್ತಿದ್ದಳು.

ಪ್ರತಿಯೊಂದು ಚಲನೆಯನ್ನೂ ಮೊದಲು ತಾವೇ ಅಭಿನಯಿಸಿ, ಕ್ಯಾಮೆರಾದಲ್ಲಿ ಹಿಡಿದು, ಆ ತುಣುಕನ್ನು ಮುಂದಿಟ್ಟುಕೊಂಡೇ ಬರೆಯುವುದು ಅವರ ವ್ರತ. ಅದಕ್ಕೆಂದೇ ಮೀಸಲಾದ ಕಂದು ಕೋಟೊಂದಿತ್ತು. ಕೈ ಮಡಿಯುವ ಬಗೆ ಸ್ಪಷ್ಟವಾಗಿ ಕಾಣಲೆಂದು ಅದರ ಭುಜಕ್ಕೂ ಮೊಣಕೈಗೂ ಬಿಳಿ ಪಟ್ಟಿ ಅಂಟಿಸಿದ್ದರು. ಆ ವೇಷದಲ್ಲೇ ಒಮ್ಮೆ ಬ್ಯಾಂಕಿಗೂ ಹೋಗಿಬಂದರು. ಖಾಲಿ ಪೆಟ್ಟಿಗೆ ಎತ್ತಿ ಭಾರ ನಟಿಸಲು ಮಾತ್ರ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. "ಬೆನ್ನು ಸುಳ್ಳು ಹೇಳಲ್ಲ ಕಣೋ" ಎನ್ನುತ್ತಾ ಅಕ್ಕನ ಪುಸ್ತಕಗಳನ್ನೆಲ್ಲ ಅದಕ್ಕೆ ತುಂಬುತ್ತಿದ್ದರು. ಕ್ಯಾಮೆರಾ ಹಿಡಿಯುವ ಚಾಕರಿ ನನ್ನದು.

ಅಂಥವರನ್ನೂ ಒಂದು ದೃಶ್ಯ ಹಣ್ಣುಗಾಯಿ ನೀರುಗಾಯಿ ಮಾಡಿತು. ಲಿಫ್ಟು ಕೆಟ್ಟ ಕಟ್ಟಡದಲ್ಲಿ ಮುದುಕನೊಬ್ಬ ಕಾಯಿಲೆಯ ಹೆಂಡತಿಯನ್ನು ಎತ್ತಿಕೊಂಡು ಮೂರು ಮಹಡಿ ಇಳಿಯಬೇಕು. ಭಾವ ಮೂರು ಸಲ ಬರೆದರು. ಮೂರು ಸಲವೂ ನಿರ್ದೇಶಕರು, ಮುದುಕ ಮೂಟೆ ಹೊತ್ತ ಹಾಗಿದೆ ಎಂದರು. ಕ್ಯಾಮೆರಾ ಮುಂದೆ ಭಾವ ಹೊತ್ತಿದ್ದೂ ಮರಳಿನ ಮೂಟೆಯನ್ನೇ. ಸೋಮವಾರದೊಳಗೆ ಸರಿಹೋಗದಿದ್ದರೆ ದೃಶ್ಯಕ್ಕೇ ಕತ್ತರಿ ಎಂಬ ಮಾತು ಬಂದಾಗ ಅವರಿಗೆ ಅನ್ನ ಸೇರದಾಯಿತು. ಇಪ್ಪತ್ತೆಂಟು ವರ್ಷದ ಕಸುಬಿನಲ್ಲಿ ಸೋತು ಕೈಬಿಟ್ಟ ದೃಶ್ಯ ಒಂದೂ ಇರಲಿಲ್ಲ.

"ಮೂಟೆ ಸಾಕು, ನನ್ನನ್ನೇ ಎತ್ಕೊಳ್ಳಿ," ಎಂದಳು ಅಕ್ಕ. "ಮದುವೆಯಾದಾಗಿನಿಂದ ಒಂದ್ಸಲನೂ ಎತ್ತಿಲ್ಲ."

ಭಾನುವಾರ ಬೆಳಗ್ಗೆ ಅವರ ಕಟ್ಟಡದ ಮೆಟ್ಟಿಲಲ್ಲೇ ಚಿತ್ರೀಕರಣ. ಕೈಕಾಲು ಆಡಿಸಕೂಡದೆಂದು ಅಕ್ಕನಿಗೆ ಕಟ್ಟಪ್ಪಣೆಯಾಗಿತ್ತು. ನಾನು ಕ್ಯಾಮೆರಾ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದೆ. ಎರಡನೆಯ ತಿರುವಿನಲ್ಲಿ ಭಾವನ ಮೊಣಕಾಲು ನಡುಗಿತು. ಕಣ್ಣು ಮುಚ್ಚಿದ್ದ ಅಕ್ಕನ ಬಲಗೈ ಮೆಲ್ಲನೆ ಹೊರಬಂದು, ಮೆಟ್ಟಿಲ ಪಕ್ಕದ ಕಂಬಿ ಹಿಡಿದು, ತನ್ನ ಭಾರವನ್ನು ಒಂದಿಷ್ಟು ಅದರ ಮೇಲೆ ಹಾಕಿತು. ಕೆಳಗಿಳಿದ ಮೇಲೆ, ಎಲ್ಲ ಕೆಡಿಸಿದೆಯಲ್ಲ ಎಂದು ನಾನು ಅಕ್ಕನ ಮೇಲೆ ರೇಗಿದೆ. ಇನ್ನೊಮ್ಮೆ ಎತ್ತುವ ಶಕ್ತಿ ಭಾವನಲ್ಲಿ ಉಳಿದಿರಲಿಲ್ಲ.

ಭಾವ ಮಾತ್ರ ಆ ತುಣುಕನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಲೇ ಕುಳಿತರು. ಕೊನೆಗೆ ಮೆಲ್ಲಗೆ ಹೇಳಿದರು: "ಇಷ್ಟು ದಿನ ಹೊತ್ತವನನ್ನೇ ನೋಡ್ತಿದ್ದೆ. ಇವಳನ್ನ ನೋಡೇ ಇರ್ಲಿಲ್ಲ."

ಅಂದೇ ಬರೆಯಲು ಕುಳಿತರು. ಸೋಮವಾರ ನಿರ್ದೇಶಕರು ಎರಡು ಸಲ ನೋಡಿದರಂತೆ; ದೃಶ್ಯ ಉಳಿಯಿತು. ಮುಂದೆ ಚಿತ್ರಮಂದಿರದಲ್ಲಿ ಆ ಮುದುಕಿಯ ಕೈ ಕಂಬಿಯನ್ನು ಹಿಡಿದಾಗ ಇಡೀ ಸಭಾಂಗಣ ಉಸಿರು ಬಿಗಿಹಿಡಿಯಿತು. ಅದು ನಮ್ಮಕ್ಕನ ಕೈ ಎಂದು ಎದ್ದುನಿಂತು ಹೇಳಬೇಕೆನಿಸಿತು ನನಗೆ. ಅಕ್ಕ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡು, ಪರದೆಯಲ್ಲಿ ಸ್ವಲ್ಪ ದಪ್ಪಗಾಗಿವೆ ಎಂದು ಭಾವನ ಕಿವಿಯಲ್ಲಿ ದೂರಿದಳು.

ಬರೆದ ಗೊಂಬೆಗೆ ಜೀವ ಬಂತೆಂದು ಲೋಕ ಕೊಂಡಾಡುತ್ತದೆ. ಆ ಜೀವ ಯಾವುದೋ ಮೆಟ್ಟಿಲಲ್ಲಿ ಬೆವತವರದು ಎಂಬುದು ಅದಕ್ಕೆ ತಿಳಿಯದು. ಈ ಜಾತಿಯ ಜನ ತಮ್ಮ ಬೆನ್ನು, ಮೊಣಕಾಲು, ಕೈಹಿಡಿದವಳ ಕೈ ಎಲ್ಲವನ್ನೂ ಪರದೆಗೆ ಕೊಟ್ಟು, ಮುಖವನ್ನು ಮಾತ್ರ ಮನೆಗೆ ವಾಪಸು ತರುತ್ತಾರೆ. ಅಂಥವರ ಮನೆಯವನು ನಾನು. ಅಂದು ರೇಗಿದೆ, ನಿಜ. ಆದರೆ ಕ್ಯಾಮೆರಾ ನಿಲ್ಲಿಸಿರಲಿಲ್ಲ.