ಷಡ್ಡಕನ ಉಸಿರು

"ಮುಟ್ಟಬೇಡ ನನ್ನ ಬೆಲ್ಟು! ಕೈ ತೆಗಿ ಅಂದೆ!"

"ಎರಡೇ ಎರಡು ಸೀಸದ ತುಂಡು ತೆಗೆದು ನೋಡಿ ಅಂದೆ ಅಣ್ಣಾ, ಅಷ್ಟೆ. ಹನ್ನೆರಡು ಕೆಜಿ ಜಾಸ್ತಿ ಆಯ್ತು ನಿಮಗೆ."

"ಅಜ್ಜಿಗೆ ಕೆಮ್ಮು ಕಲಿಸೋಕೆ ಬಂದ್ಯಾ? ನೀನು ಕಾಜ ಹೊಲೀತಾ ಕೂತಿದ್ದಾಗ ನಾನು ಇದೇ ಸೀಸ ಕಟ್ಕೊಂಡು ಸಮುದ್ರದ ತಳ ಗುಡಿಸ್ತಿದ್ದೆ. ಮಾಸ್ಕಿನೊಳಗೆ ನುಗ್ಗಿದ ನೀರು ಹೊರಗೆ ಹಾಕೋದು ನಿನಗೆ ಕಲಿಸಿದ್ದು ಯಾರು? ಬಾಯಿ ಬಿಡು!"

"ನೀವೇ."

"ಮೊದಲ ದಿನ ಮೂಗಿಗೆ ನೀರು ಹೋಗಿ ಅಮ್ಮಾ ಅಂತ ಕೂಗಿದಾಗ ಕತ್ತುಪಟ್ಟಿ ಹಿಡಿದು ಮೇಲೆ ತಂದಿದ್ದು ಯಾರು?"

"ನೀವೇ ಅಣ್ಣಾ. ನಾನು ಇಲ್ಲ ಅಂದ್ನಾ?"

ಇಲ್ಲ ಅನ್ನುವ ಗಿರಾಕಿಯಲ್ಲ ಅವನು. ಮೈ ಉರಿಸುತ್ತಿದ್ದುದೇ ಅದು. ಒಂದು ಸಲ ತಿರುಗಿ ಬೈದಿದ್ದರೆ ನಾಲ್ಕು ಬಿಗಿದು ಹಗುರಾಗಬಹುದಿತ್ತು.

ಸಮುದ್ರದೊಳಗೆ ಮುಳುಗುವುದನ್ನು ಕಲಿಸುವ ಅಂಗಡಿ ಅದು. ಜಗಳ ಅದರ ಹಿತ್ತಲಲ್ಲಿ, ಗೋಡೆಗೊರಗಿ ಸಾಲಾಗಿ ನಿಂತ ಸಿಲಿಂಡರುಗಳ ಮುಂದೆ. ಕೂಗಾಡುತ್ತಿದ್ದವನು ಅಲ್ಲಿನ ಹಿರಿಯ ಗೈಡು. ಮರದ ದಿಮ್ಮಿಯಂಥ ಎದೆ, ಆ ಎದೆಗೆ ತಕ್ಕ ಗಂಟಲು. ಎಲ್ಲರೂ ಅವನನ್ನು ತಿಮಿಂಗಿಲ ಎನ್ನುತ್ತಿದ್ದರು, ಅವನಿಗೂ ಅದು ಹಿತವಾಗಿತ್ತು. ಬೈಸಿಕೊಳ್ಳುತ್ತಿದ್ದವನು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಕಸುಬಿನಲ್ಲಿ ಟೇಲರ್. ಒಣಕಲು ಆಸಾಮಿ, ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದ.

ನಾಲ್ಕು ವರ್ಷದ ಹಿಂದೆ ಅವನನ್ನು ಕರೆತಂದಿದ್ದು ತಿಮಿಂಗಿಲನೇ. ಮುಳುಗುವಾಗ ತೊಡುವ ರಬ್ಬರ್ ಉಡುಗೆಗಳು ಮೊಣಕಾಲಲ್ಲಿ ಹರಿಯುತ್ತಿದ್ದವು, ತೇಪೆ ಹಾಕಲು ಒಬ್ಬ ಬೇಕಿತ್ತು. ಹೇಗಿದ್ದರೂ ಮನೆಯವನು ಅಂತ ಹಿತ್ತಲ ಕೋಣೆಯಲ್ಲಿ ಅವನ ಹೊಲಿಗೆ ಯಂತ್ರ ಇಡಿಸಿದ. ಆಮೇಲೆ ಹುಕಿ ಬಂದು ಮುಳುಗುವುದನ್ನೂ ಕಲಿಸಿದ. ಕಲಿಸುವಾಗ ಸುಖವಾಗಿಯೇ ಇತ್ತು. ಷಡ್ಡಕ ತಡಬಡಾಯಿಸುತ್ತಿದ್ದ, ಇವನು ನಗುತ್ತಿದ್ದ. ಕಲಿತ ಮೇಲೆ ಷಡ್ಡಕನೂ ಗೈಡಾದ.

ಕೇಡು ಶುರುವಾದದ್ದು ಗಾಳಿಯ ಮುಳ್ಳಿನಿಂದ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮುಳ್ಳದು. ಮುಳ್ಳು ಇನ್ನೂರರಲ್ಲಿದ್ದಾಗ ಇಬ್ಬರೂ ಇಳಿಯುತ್ತಿದ್ದರು. ಅದೇ ಆಳ, ಅದೇ ಹೊತ್ತು. ಮೇಲೆ ಬಂದಾಗ ತಿಮಿಂಗಿಲನ ಮುಳ್ಳು ಐವತ್ತಕ್ಕೆ ಬಿದ್ದಿರುತ್ತಿತ್ತು, ಟೇಲರನದು ನೂರಹತ್ತರಲ್ಲಿ ಆರಾಮಾಗಿ ಕೂತಿರುತ್ತಿತ್ತು. ಸೂಜಿಗೆ ದಾರ ಪೋಣಿಸಿ ಪೋಣಿಸಿ ಅವನ ಉಸಿರು ನಿಧಾನವಾಗಿತ್ತೋ ಏನೋ, ನೀರೊಳಗೆ ಕೈ ಆಡಿಸುತ್ತಲೇ ಇರಲಿಲ್ಲ. ಮೈ ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸವೂ ಅವನಿಗೆ ನಾಲ್ಕೇ ಕೆಜಿ. ನೆಲದಿಂದ ಒಂದು ಗೇಣು ಮೇಲೆ ಮಲಗಿದ ಹಾಗೆ ತೇಲುತ್ತಿದ್ದ, ಮರಳಿನ ಒಂದು ಕಣವೂ ಏಳುತ್ತಿರಲಿಲ್ಲ. ತಿಮಿಂಗಿಲ ಹೋದ ದಾರಿಯಲ್ಲಿ ಮಾತ್ರ ಎತ್ತಿನಗಾಡಿ ಹೋದಂತೆ ಕೆಸರೇಳುತ್ತಿತ್ತು.

ಕಲಿಯಲು ಬಂದವರು ಸುಮ್ಮನಿರುತ್ತಾರೆಯೇ? "ಆ ಸಣ್ಣ ಸರ್ ಜೊತೆ ಹೋಗ್ತೀವಿ" ಅನ್ನತೊಡಗಿದರು. ತಿಮಿಂಗಿಲ ಅದನ್ನೂ ನುಂಗಿಕೊಂಡಿದ್ದ. ಆದರೆ ಹೋದ ವಾರ ಊಟಕ್ಕೆ ಬಡಿಸುತ್ತಾ ಅವನ ಹೆಂಡತಿ, "ಅಲ್ರೀ, ನಿಮಗಿಂತ ನಮ್ಮ ತಂಗಿ ಗಂಡನೇ ಚೆನ್ನಾಗಿ ಮುಳುಗ್ತಾನಂತೆ? ಸ್ವಲ್ಪ ಅವನ ಹತ್ರ ಕಲೀರಿ" ಎಂದಳು. ನಗುತ್ತಲೇ ಅಂದಿದ್ದು. ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದ. ಅವತ್ತಿನಿಂದ ಹೊಟ್ಟೆಗೆ ಹಾಕಿದ್ದೆಲ್ಲ ಕಿಚ್ಚಿಗೆ ಸೌದೆಯೇ ಆಯಿತು.

ಅಷ್ಟರಲ್ಲಿ ಅಂಗಡಿಯ ಯಜಮಾನತಿ ಹೊಸದೊಂದು ಕಟ್ಟಳೆ ತಂದಳು. ಮುಳುಗಿದ ಹಳೆ ಹಡಗಿನ ಹತ್ತಿರ ಜನರನ್ನು ಕರೆದೊಯ್ಯುವ ಕಾಲ ಶುರುವಾಗಿತ್ತು. ಅಲ್ಲಿ ಆಳ ಹೆಚ್ಚು, ಯಾರದ್ದಾದರೂ ಗಾಳಿ ತೀರಿದರೆ ಗೈಡು ತನ್ನದರಲ್ಲೇ ಕೊಡಬೇಕು. ಹಾಗಾಗಿ ಯಾರ ಸಿಲಿಂಡರಿನಲ್ಲಿ ಹೆಚ್ಚು ಉಳಿಯುತ್ತದೋ ಅವರೇ ಮುಂದಾಳು. ಹದಿನಾರು ವರ್ಷದಿಂದ ಆ ಜಾಗ ತಿಮಿಂಗಿಲನದು. ಅದು ಹೋದರೆ ಅವನಿಗೆ ಉಳಿಯುವುದು ಸಾಲಿನ ಬಾಲ ಕಾಯುವ ಕೆಲಸ, ಅದೂ ಷಡ್ಡಕನ ಹಿಂದೆ.

"ನಲವತ್ತು ನಿಮಿಷ. ಹದಿನಾಲ್ಕು ಮೀಟರ್. ಇಬ್ಬರೂ ಜೊತೆಗೇ ಇರಿ," ಎಂದು ಯಜಮಾನತಿ ಆ ಬೆಲ್ಟಿನ ಜಗಳದ ದಿನವೇ ಇಬ್ಬರ ಪರೀಕ್ಷೆಗೆ ತಾನೇ ದೋಣಿ ನಡೆಸಿಕೊಂಡು ಹೋಗಿ ನಿಲ್ಲಿಸಿದಳು.

ಹನ್ನೆರಡು ಕೆಜಿ ಸೀಸ ಕಟ್ಟಿಕೊಂಡೇ ತಿಮಿಂಗಿಲ ಹಾರಿದ. ಅಷ್ಟು ಭಾರ ಕಟ್ಟಿಕೊಂಡವನು ತಳ ಮುಟ್ಟದೆ ತೇಲಬೇಕಾದರೆ ಮೈಮೇಲಿನ ತೇಲುವ ಜಾಕೆಟ್ಟಿಗೆ ಸಿಲಿಂಡರಿನಿಂದ ಅಷ್ಟೇ ಗಾಳಿ ತುಂಬಬೇಕು. ತುಂಬಿದ. ಐದು ನಿಮಿಷಕ್ಕೆ ಮುಳ್ಳು ನೋಡಿಕೊಂಡ, ಆಗಲೇ ನೂರೆಪ್ಪತ್ತು. ಕತ್ತು ಚಾಚಿ ಟೇಲರನದನ್ನು ನೋಡಿದ. ನೂರತೊಂಬತ್ತು. ಕಣ್ಣಿಗೆ ಸೀಗೆಪುಡಿ ಹಾಕಿದಂತಾಯಿತು.

ಆಗ ಅವನು ಮಾಡಿದ್ದು ಯಾವ ಅಡ್ಡಕಸುಬಿಯೂ ಮಾಡದ ಕೆಲಸ. ಹೊಸಬರಿಗೆ ಮೊದಲ ದಿನವೇ, ಸಾವಿರ ಸಲ ಅವನೇ ಹೇಳಿದ್ದ: "ಹೆಂಡ್ತಿ ಹುಟ್ಟಿದ ದಿನ ಮರೀರಿ, ಪರವಾಗಿಲ್ಲ. ನೀರೊಳಗೆ ಉಸಿರು ಮಾತ್ರ ಕಟ್ಟಬೇಡಿ. ಮೇಲೇರಿದರೆ ಎದೆಯೊಳಗಿನ ಗಾಳಿ ಹಿಗ್ಗುತ್ತೆ, ಶ್ವಾಸಕೋಶ ಬಲೂನಿನ ಹಾಗೆ ಒಡೆಯುತ್ತೆ." ಅದೇ ಬಾಯಲ್ಲಿ ಈಗ ದೊಡ್ಡದೊಂದು ಉಸಿರು ಎಳೆದು ಹಿಡಿದುಕೊಂಡ. ಹತ್ತು ಎಣಿಸಿದ, ಬಿಟ್ಟ. ಮತ್ತೆ ಎಳೆದ, ಹದಿನೈದು ಎಣಿಸಿದ. ಮುಳ್ಳು ನಿಧಾನವಾಯಿತು. ಹಿಗ್ಗು. ಇಪ್ಪತ್ತು ಎಣಿಸಿದ. ತಲೆಯೊಳಗೆ ಯಾರೋ ಸುತ್ತಿಗೆಯಿಂದ ಬಡಿಯತೊಡಗಿದರು. ಬಡಿದುಕೊಳ್ಳಲಿ, ಮುಳ್ಳು ನಿಂತಿತಲ್ಲ! ಮುಳ್ಳನ್ನೇ ನೋಡುತ್ತಿದ್ದವನಿಗೆ ತಾನು ಮೇಲೇರುತ್ತಿರುವುದು ತಿಳಿಯಲೇ ಇಲ್ಲ. ತುಂಬಿದ ಎದೆ ಎತ್ತಿತು, ಏರಿದಷ್ಟೂ ಜಾಕೆಟ್ಟಿನ ಗಾಳಿ ಹಿಗ್ಗಿತು, ಹಿಗ್ಗಿದಷ್ಟೂ ಏರಿದ. ಉಸಿರು ಇನ್ನೂ ಹಿಡಿದೇ ಇದ್ದ.

ಕಾಲಿಗೆ ಏನೋ ಬಿಗಿಯಿತು. ಟೇಲರ್! ಒಂದು ಕೈಯಲ್ಲಿ ಇವನ ಮೀನಖಂಡ ಹಿಡಿದು ಕೆಳಗೆ ಜಗ್ಗಿದ, ಇನ್ನೊಂದರಲ್ಲಿ ಜಾಕೆಟ್ಟಿನ ಗಾಳಿ ಬಿಡುವ ದಾರ ಎಳೆದ. ಬುರಬುರ ಗುಳ್ಳೆ ಎದ್ದವು. ಮುಖದೆದುರು ಬಂದು ಬಾಯಿಂದ ಆಚೆಗೆ ಕೈ ಬೀಸಿ ತೋರಿಸಿದ: ಬಿಡಿ, ಉಸಿರು ಬಿಡಿ. ತಿಮಿಂಗಿಲ ಬಿಟ್ಟ. ಎದೆ ಉಳಿಯಿತು. ಮಾಸ್ಕಿನ ಗಾಜಿನ ಹಿಂದೆ ಷಡ್ಡಕನ ಕಣ್ಣುಗಳು ಕಂಡವು. ಅವನಿಗೆ ಎಲ್ಲ ಗೊತ್ತಾಗಿತ್ತು.

ಮೇಲೆ ಬಂದಾಗ ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

"ಯಾಕೆ ಇಷ್ಟು ಬೇಗ?" ಯಜಮಾನತಿ ದೋಣಿಯಿಂದ ಬಗ್ಗಿ ಕೇಳಿದಳು.

ಟೇಲರ್ ಬಾಯಿ ತೆರೆಯುವ ಮೊದಲೇ ತಿಮಿಂಗಿಲ ಗುಡುಗಿದ: "ಇವನನ್ನ ಕೇಳಿ! ಕಾಲು ಹಿಡಿದು ಎಳೆದ. ನನ್ನ ಜಾಕೆಟ್ಟಿನ ಗಾಳಿ ತೆಗೆದ. ನೀರೊಳಗೆ ಆಡೋ ಆಟನಾ ಇದು?"

ಅವಳು ಟೇಲರನ ಕಡೆ ತಿರುಗಿದಳು. "ಹೌದಾ?"

"ಹೌದು ಮೇಡಂ. ಎಳೆದೆ."

"ಯಾಕಪ್ಪಾ?"

ಟೇಲರ್ ಮಾಸ್ಕನ್ನು ಹಣೆಯ ಮೇಲೇರಿಸಿ ತಿಮಿಂಗಿಲನನ್ನು ನೋಡಿದ. "ಅಣ್ಣ ಹೇಳ್ತಾರೆ."

ತಿಮಿಂಗಿಲ ಹೇಳಬಹುದಿತ್ತು. ಒಂದೇ ಮಾತು. ಆದರೆ ಉಸಿರು ಕಟ್ಟಿದ ಗೈಡನ್ನು ಯಾರು ಹಡಗಿನ ಹತ್ತಿರ ಬಿಡುತ್ತಾರೆ? ಸಾಲಿನ ಮುಂದೆ ಈ ಒಣಕಲು ಕಾಲುಗಳು, ಹಿಂದೆ ತಾನು. ಮನೆಯಲ್ಲಿ ಹೆಂಡತಿಯ ನಗು.

"ಹೊಟ್ಟೆಕಿಚ್ಚು ಮೇಡಂ," ಎಂದ ತಿಮಿಂಗಿಲ. "ನಾನು ಮುಂದೆ ಹೋಗೋದು ಇವನ ಕೈಲಿ ನೋಡೋಕಾಗಲ್ಲ."

ಯಜಮಾನತಿ ಕಾದಳು. ಟೇಲರ್ ದೋಣಿ ಹತ್ತಿ ಬೆನ್ನಿನ ಸಿಲಿಂಡರು ಕಳಚಿದ. "ಹಾಗಿದ್ರೆ ಈ ಸಲ ಮುಂದೆ ನೀವೇ ಹೋಗಿ," ಎಂದು ಅವಳು ತಿಮಿಂಗಿಲನಿಗೆ ಹೇಳಿ, ಅವನೂ ಹತ್ತಿದ ಮೇಲೆ ದೋಣಿ ತಿರುಗಿಸಿದಳು. ತಿಮಿಂಗಿಲನ ಮುಳ್ಳು ಕೊನೆಗೆ ಎಲ್ಲಿ ನಿಂತಿತು ಎಂದು ಯಾರೂ ಕೇಳಲಿಲ್ಲ.

ಹಿತ್ತಲಲ್ಲಿ ಟೇಲರ್ ರಬ್ಬರ್ ಉಡುಗೆಯನ್ನು ಸಿಹಿನೀರಿನಲ್ಲಿ ಎರಡು ಸಲ ಅದ್ದಿ, ತೋಳುಗಳನ್ನು ಜಾಡಿಸಿ ಹಗ್ಗದ ಮೇಲೆ ಹರವಿದ. ಅಂಗಿ ಹಾಕಿಕೊಂಡ. ಗೇಟಿನ ಕಡೆ ನಡೆದ.

"ಏಯ್, ಎಲ್ಲಿಗೆ? ಮಧ್ಯಾಹ್ನ ನಾಲ್ಕು ಜನ ಬರ್ತಾರೆ!"

ಟೇಲರ್ ನಿಂತ. "ತಲೆ ಸಿಡೀತಿರಬೇಕಲ್ಲ ಅಣ್ಣಾ? ಅದು ಇಳಿಯೋ ತನಕ ನೀರಿಗೆ ಹೋಗಬೇಡಿ."

"ನೀನ್ಯಾರೋ ನನಗೆ ಹೇಳೋಕೆ!"

ಟೇಲರ್ ಮತ್ತೆ ಗೇಟಿನ ಕಡೆಗೇ ತಿರುಗಿದ. ಗೇಟಿನ ಚಿಲಕ ತೆಗೆದು, ಆಚೆ ಹೋಗಿ, ಮತ್ತೆ ಹಾಕಿದ.

ತಿಮಿಂಗಿಲ ಮಧ್ಯಾಹ್ನದವರೆಗೂ ಗೇಟು ನೋಡಿದ. ಬರುತ್ತಾನೆ, ಎಲ್ಲಿ ಹೋಗುತ್ತಾನೆ, ಬಂದರೆ ನಾಲ್ಕು ಉಗಿದು ಮಾತಾಡಿಸಿದರಾಯಿತು ಅಂದುಕೊಂಡ. ಬರಲಿಲ್ಲ. ಮರುದಿನವೂ ಬರಲಿಲ್ಲ. ವಾರದ ಕೊನೆಗೆ ಟೇಲರ್ ತನ್ನ ಹೊಲಿಗೆ ಯಂತ್ರ ಒಯ್ಯಲು ಕೈಗಾಡಿಯವನನ್ನು ಕಳಿಸಿದ.